ಇಸ್ತ್ರಿಯಕ್ಕನ ಪಾಲಿನ ಬುರುಡೆ

ಸೋರೆಯ ಹೂವಿಗೆ ಒಂದು ಕೆಟ್ಟ ಚಾಳಿ. ಹಿತ್ತಲಿನ ಉಳಿದ ಹೂಗಳೆಲ್ಲ ಬೆಳಗಾಗುವುದನ್ನು ಕಾದು ಅರಳಿದರೆ, ಇದು ಮನೆಮನೆಯಲ್ಲೂ ಒಲೆ ಹತ್ತುವ ಹೊತ್ತು ನೋಡಿಕೊಂಡು ಮುಸ್ಸಂಜೆಗೆ ಅರಳುತ್ತದೆ. ಬೆಳಗಾಗುವಷ್ಟರಲ್ಲಿ ಹಿಸುಕಿ ಬಿಸಾಕಿದ ಕಾಗದದಂತೆ ಮುದುಡಿರುತ್ತದೆ. ಕಾಯಿ ಖಂಡಿತವಾಗಿ ನಿಲ್ಲಬೇಕೆಂದರೆ ಆ ಸಂಜೆಯೇ ಯಾರಾದರೂ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿನ ಬಾಯಿಗೆ ಒತ್ತಬೇಕು. ಪತಂಗವನ್ನು ನಂಬಿ ಕೂತರೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಸೋರೆ ಬೆಳೆಯುವ ಹೆಂಗಸು ದಿನಾ ಸಂಜೆ ಒಂದು ತೀರ್ಮಾನ ಮಾಡಬೇಕಾಗುತ್ತದೆ: ಒಲೆಯ ಮುಂದೆ ನಿಲ್ಲುವುದೋ, ಬಳ್ಳಿಯ ಕೆಳಗೆ ನಿಲ್ಲುವುದೋ.

ಆ ವರ್ಷ ಇಸ್ತ್ರಿಯಕ್ಕ ಬಳ್ಳಿಯ ಕೆಳಗೆ ನಿಂತಳು.

"ಇವಳೇ, ಈ ಮನೇಲಿ ಚಹಾ ಅನ್ನೋದು ಇದೆಯಾ ಇಲ್ವಾ?" ಒಳಗಿನಿಂದ ಗಂಡನ ದನಿ.

"ಇದೆ. ಡಬ್ಬದಲ್ಲಿದೆ."

"ಯಾವ ಡಬ್ಬ?"

"ಮೂಗಿಗೆ ಹಿಡಿದ್ರೆ ಚಹಾ ವಾಸನೆ ಬರೋ ಡಬ್ಬ."

ಒಂದು ಮುಚ್ಚಳ ಬಿದ್ದ ಸದ್ದು. ಇನ್ನೊಂದು ಮುಚ್ಚಳ. ಆಮೇಲೆ ಸೀನು. ಮೆಣಸಿನಪುಡಿಯ ಡಬ್ಬ ತೆರೆದರು ಎಂದು ಅವಳಿಗೆ ಗೊತ್ತಾಯಿತು. ನಗು ಬಂದರೂ ಕೈ ಅಲುಗಿಸಲಿಲ್ಲ. ಗಂಡು ಹೂವಿನ ಎಸಳುಗಳನ್ನು ಬಿಡಿಸಿ, ಒಳಗಿನ ಹಳದಿ ಕುಚ್ಚನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಒರೆಸಿದಳು. ಹೂವಿನ ಬುಡದಲ್ಲಿ ಹೆಬ್ಬೆರಳಿನಷ್ಟು ಕಾಯಿ, ಮೈತುಂಬ ಬಿಳಿ ನವಿರು. ಹೂವಿನ ಬಾಯನ್ನು ನೂಲಿನಿಂದ ಸಡಿಲವಾಗಿ ಕಟ್ಟಿ, "ನಿಲ್ಲು ಮಾರಾಯ್ತಿ" ಎಂದಳು.

ಇಸ್ತ್ರಿಯಕ್ಕ ಎನ್ನುವುದು ಅವಳಿಗೆ ಆಸ್ಪತ್ರೆಯಲ್ಲಿ ಬಿದ್ದ ಹೆಸರು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳ ಆಯಸ್ಸಿನ ಮುಕ್ಕಾಲು ಪಾಲು ಕಳೆದಿತ್ತು. ಮೊದಲು ತೊಟ್ಟಿಯಲ್ಲಿ ಹಾಸಿಗೆಯ ಬಟ್ಟೆ ನೆನೆಹಾಕಿ ತುಳಿಯುವ ಕೆಲಸ, ಯಂತ್ರ ಬಂದ ಮೇಲೆ ಇಸ್ತ್ರಿ ಹಾಕಿ ಮಡಚುವ ಕೆಲಸ. ಯಾರೋ ಹುಟ್ಟಿದ, ಯಾರೋ ಸತ್ತ ಬಟ್ಟೆಗಳನ್ನು ಅವಳು ಒಂದೇ ಅಳತೆಗೆ ಮಡಚಿ ಪೇರಿಸುತ್ತಿದ್ದಳು. ಅಲ್ಲಿಂದ ಮನೆಗೆ ಬಂದು ಪಾತ್ರೆ ತೊಳೆಯುತ್ತಿದ್ದಳು. ಹುಟ್ಟಿದಂದಿನಿಂದ ನೀರಿನ ಜೊತೆಗೇ ಬದುಕಿದವಳು. ಆದರೆ ಅವಳು ಬಲ್ಲ ನೀರು ಕೈಯಲ್ಲಿ ಮೊಣಕೈವರೆಗೆ, ಕಾಲಲ್ಲಿ ಮೊಣಕಾಲವರೆಗೆ. ಅದರಾಚೆಗಿನ ನೀರು ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಗೊತ್ತಿಲ್ಲ ಎನ್ನುವುದನ್ನು ನೆನಪಿಸಿದವಳು ಮೊಮ್ಮಗಳು. ಆ ಬೇಸಿಗೆಯಲ್ಲಿ ಸೊಸೆ ಮಗಳನ್ನು ಈಜುಕೊಳದ ತರಗತಿಗೆ ಸೇರಿಸಿದ್ದಳು. ಸೊಸೆಗೆ ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕೆಲಸ. ಮಗ ಲಾರಿಯ ಜೊತೆ ವಾರಗಟ್ಟಲೆ ಹೊರಗೆ. ಆದ್ದರಿಂದ ಕರೆದೊಯ್ದು ಕರೆತರುವುದು ಅಜ್ಜಿಯ ಪಾಲಿಗೆ ಬಂತು. ಹುಡುಗಿ ಎರಡೂ ತೋಳಿಗೆ ಗಾಳಿ ತುಂಬಿದ ಕಿತ್ತಳೆ ಬಣ್ಣದ ಪಟ್ಟಿ ಹಾಕಿಕೊಂಡು ನೀರಿಗೆ ಧುಮುಕುವುದನ್ನು ಇಸ್ತ್ರಿಯಕ್ಕ ಟವೆಲ್ ಹಿಡಿದು ನೋಡುತ್ತಿದ್ದಳು.

"ಅಜ್ಜಿ, ನಿಂಗೆ ಈಜು ಬರತ್ತಾ?"

"ಇಲ್ಲ ಕಣೇ."

"ಯಾಕೆ? ನಿಮ್ಮಮ್ಮ ನಿನ್ನ ಕ್ಲಾಸಿಗೆ ಸೇರಿಸ್ಲಿಲ್ವಾ?"

"ನಮ್ಮ ಕಾಲದಲ್ಲಿ ಕ್ಲಾಸೆಲ್ಲಿತ್ತು? ಬೆನ್ನಿಗೆ ಸೋರೆಬುರುಡೆ ಕಟ್ಟಿ ಕೆರೆಗೆ ದಬ್ತಿದ್ರು, ಅಷ್ಟೇ."

"ನಿನ್ನನ್ನೂ ದಬ್ಬಿದ್ರಾ?"

ಅಜ್ಜಿ ಮೊಮ್ಮಗಳ ತಲೆಯನ್ನು ಅಗತ್ಯಕ್ಕಿಂತ ಜೋರಾಗಿ ಒರೆಸಿದಳು. "ಬಾಯಿ ಮುಚ್ಚು, ನೀರು ಹೋಗತ್ತೆ" ಎಂದಳು.

ಅವಳು ಹುಟ್ಟಿದ ಮನೆಯ ಹಿಂದೆಯೇ ಕೆರೆ. ಸೌದೆ ಕೊಟ್ಟಿಗೆಯ ಮಾಡಿನ ಮೇಲೆ ಅಮ್ಮ ಸೋರೆ ಹಬ್ಬಿಸುತ್ತಿದ್ದಳು. ಸಂಜೆ ಅಮ್ಮನ ಎರಡೂ ಕೈ ಒಲೆಯ ಮುಂದೆ ಸಿಕ್ಕಿಕೊಂಡಿರುತ್ತಿದ್ದರಿಂದ ಹೂವಿನ ಕೆಲಸ ಮಗಳಿಗೆ ಬಿತ್ತು. "ಹೋಗೇ, ಹೂ ಮುಟ್ಟಿಸಿ ಬಾ" ಎಂದರೆ ಏಣಿ ಹತ್ತಿ ಓಡುತ್ತಿದ್ದಳು. ಆ ಹೊತ್ತಿನ ವಾಸನೆ ಅವಳಿಗೆ ಇವತ್ತಿಗೂ ಗೊತ್ತು: ಬಿಸಿಲು ಕುಡಿದ ಹಂಚು, ಎಲೆಗಳ ಹಸಿ ಒಗರು, ಕೆಳಗಿನಿಂದ ಏಳುವ ಹೊಗೆ, ಬೆರಳ ತುದಿಗೆ ಮೆತ್ತಿದ ಹಳದಿ ಪುಡಿ. ಮಾಡಿನ ಮೇಲೆ ಕೂತರೆ ಕೆರೆ ಪೂರ್ತಿ ಕಾಣುತ್ತಿತ್ತು. ಕೆಳಗೆ ನಿಂತವರಿಗೆ ಅದು ಬರೀ ಬಟ್ಟೆ ಒಗೆಯುವ ದಡ; ಮೇಲಿನಿಂದ ನೋಡಿದರೆ ಅದಕ್ಕೊಂದು ಆಚೆದಡವೂ ಇತ್ತು.

ಈಜಿನ ಬುರುಡೆಯನ್ನು ಬೆಳೆಯುವುದಕ್ಕೆ ಒಂದು ಕ್ರಮವಿದೆ. ಕಾಯಿ ಎಳೆಯದಾಗಿರುವಾಗಲೇ ನಡುವಿಗೆ ಬಟ್ಟೆಯ ಪಟ್ಟಿ ಕಟ್ಟಬೇಕು. ಆಗ ಅಲ್ಲಿ ಸೊಂಟ ಮೂಡಿ ಮುಂದೆ ಹಗ್ಗ ಜಾರುವುದಿಲ್ಲ. ಹಸಿಯಾಗಿ ಕೊಯ್ಯಬಾರದು, ಬಳ್ಳಿಯಲ್ಲೇ ಬಲಿತು ಒಣಗಬೇಕು. ಅರ್ಧಕ್ಕೆ ಕೊಯ್ದರೆ ಒಳಗೇ ಕೊಳೆಯುತ್ತದೆ. ಒಣಗಿದ ಮೇಲೂ ಎಲ್ಲೂ ತೂತು ಮಾಡಬಾರದು, ಬೀಜ ಒಳಗೇ ಉಳಿಯಬೇಕು. ಇದೆಲ್ಲ ಗೊತ್ತಿದ್ದದ್ದು ಅಮ್ಮನಿಗೆ ಮತ್ತು ಅವಳಿಗೆ. ಬುರುಡೆ ಏರಿದ್ದು ಅಣ್ಣನ ಬೆನ್ನಿಗೆ. ಗಂಟು ಹಾಕುತ್ತಿದ್ದವಳೂ ಅವಳೇ. ಗಂಟು ಬಿಗಿಯಾಗಿದೆಯೋ ಇಲ್ಲವೋ ಎಂದು ಎಳೆದು ನೋಡಿ ಬೆನ್ನಿಗೊಂದು ಗುದ್ದು ಕೊಟ್ಟರೆ ಅಣ್ಣ ಧುಮುಕುತ್ತಿದ್ದ. ಅವನು ಕಾಲು ಬಡಿದಾಗಲೆಲ್ಲ ಬುರುಡೆಯೊಳಗಿನ ಬೀಜ ಗಲಗಲ ಎನ್ನುತ್ತಿತ್ತು. ಒಗೆಯುವ ಕಲ್ಲಿನ ಮೇಲೆ ಅವನದೇ ಚಡ್ಡಿಗೆ ಸೋಪು ಹಚ್ಚುತ್ತ ಅವಳು ಆ ಸದ್ದು ಕೇಳುತ್ತಿದ್ದಳು.

"ಅಮ್ಮಾ, ನಂಗೆ?"

"ಮುಂದಿನ ವರ್ಷ ನಿಂಗೆ."

ಮುಂದಿನ ವರ್ಷ ದೊಡ್ಡ ತಮ್ಮನಿಗೆ ಈಜು ಕಲಿಯುವ ವಯಸ್ಸಾಯಿತು. ಅದರ ಮುಂದಿನ ವರ್ಷ ಚಿಕ್ಕ ತಮ್ಮನಿಗೆ. ಗಂಡುಹುಡುಗರು ಮುಳುಗಬಾರದಲ್ಲ. ಕೊನೆಗೊಂದು ವರ್ಷ ಮೂವರಿಗೂ ಬುರುಡೆ ಬೇಡವಾಯಿತು. ಆ ವರ್ಷದ ಕಾಯಿಯನ್ನು ಅಮ್ಮ ಅಟ್ಟದ ಮೇಲಿಟ್ಟು, "ಇದು ಅವಳ ಪಾಲಿಂದು, ಯಾರೂ ಮುಟ್ಟಬೇಡಿ" ಎಂದು ಮೂವರಿಗೂ ಕೇಳುವಂತೆ ಹೇಳಿದಳು. ಅಷ್ಟರಲ್ಲಿ ಅವಳು ಉದ್ದವಾದಳು. ಇಷ್ಟು ದೊಡ್ಡ ಹುಡುಗಿ ಒದ್ದೆ ಬಟ್ಟೆಯಲ್ಲಿ ಕೆರೆಯಿಂದ ಎದ್ದು ಬಂದರೆ ನೋಡಿದವರು ಏನೆಂದಾರು ಎಂದು ಅಪ್ಪ ಊಟದ ಮಧ್ಯೆ ಒಂದು ಮಾತು ಹೇಳಿದರು. ಅಮ್ಮ ಎದುರಾಡಲಿಲ್ಲ. ಮರುದಿನ ಹಿತ್ತಲಲ್ಲಿ ಗರಗಸದ ಸದ್ದಾಯಿತು. ಅವಳು ಹೋಗಿ ನೋಡಿದಾಗ ಕಂಡದ್ದು ಅಮ್ಮನ ಬೆನ್ನು ಮಾತ್ರ. ಬುರುಡೆಯ ತಲೆ ಕೊಯ್ದು, ಬೀಜ ತೆಗೆದು, ಒಳಗನ್ನು ಉಜ್ಜಿ ಉಪ್ಪು ತುಂಬಿಡುವ ಪಾತ್ರೆ ಮಾಡುತ್ತಿದ್ದಳು. ಎಂಥ ತೇವದಲ್ಲೂ ಬುರುಡೆಯಲ್ಲಿಟ್ಟ ಉಪ್ಪು ನೀರೊಡೆಯುವುದಿಲ್ಲ.

ಅವಳು ಮದುವೆಯಾಗಿ ಹೊರಟಾಗ ಅಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. "ನಿನ್ನ ಪಾಲಿನ ಬುರುಡೆ ನಿಂಗೇ ಕೊಟ್ಟಿದೀನಿ ನೋಡು. ಬೀಜಾನೂ ಕಟ್ಟಿಟ್ಟಿದೀನಿ." ಅದು ತಮಾಷೆಯೋ, ತಪ್ಪೊಪ್ಪಿಗೆಯೋ? ಅಮ್ಮ ಹೋಗಿ ಎಷ್ಟೋ ವರ್ಷವಾದರೂ ಇಸ್ತ್ರಿಯಕ್ಕನಿಗೆ ಅದು ಬಗೆಹರಿದಿರಲಿಲ್ಲ. ಉಪ್ಪಿಗೆ ಕೈ ಹಾಕಿದಾಗಲೆಲ್ಲ ಒಮ್ಮೊಮ್ಮೆ ಹೀಗೆ, ಒಮ್ಮೊಮ್ಮೆ ಹಾಗೆ ಅನಿಸುತ್ತಿತ್ತು.

ಗಂಡನ ಮನೆಯ ಹಿತ್ತಲಲ್ಲೂ ಅದೇ ಬೀಜ ಹಾಕಿದಳು. ಕಾಯಿಗೇನೂ ಕೊರತೆಯಿರಲಿಲ್ಲ, ಒಂದನ್ನೂ ಒಣಗಲು ಬಿಡುವವರಿರಲಿಲ್ಲ. ಅತ್ತೆ ಎಳೆಯದರಲ್ಲೇ ಕೊಯ್ದು ಪಾತ್ರೆಗೆ ಹಾಕುತ್ತಿದ್ದರು. ಒಂದು ವರ್ಷ ಮಗನ ಚೆಂಡು ಬಡಿದು ಬಿರುಕು ಬಿಟ್ಟಿತು. ಒಂದು ವರ್ಷ ಚೆನ್ನಾಗಿ ಒಣಗಿದ್ದನ್ನು ಪಕ್ಕದ ಮನೆಯ ಹುಡುಗರು ಈಜಿಗೆಂದು ಕೇಳಿದರು, ಗಂಡ ಎತ್ತಿ ಕೊಟ್ಟೇಬಿಟ್ಟರು. ಅವರಿಗೇನು, ಊರಿಗೆ ಉಪಕಾರಿ. ಹಾಗೇ ಒಂದೊಂದು ವರ್ಷಕ್ಕೆ ಒಂದೊಂದು ನೆಪ.

ಈಗ ನೆಪಗಳು ತೀರುವ ಕಾಲ ಬಂದಿತ್ತು. ಮಗ ಮುಂದಿನ ವರ್ಷ ಹಿತ್ತಲಿನ ಜಾಗದಲ್ಲಿ ಒಂದು ಕೋಣೆ ಕಟ್ಟಿಸುವವನಿದ್ದ. ಮಗಳು ದೊಡ್ಡವಳಾಗುತ್ತಿದ್ದಾಳೆ, ಅವಳಿಗೊಂದು ಕೋಣೆ ಬೇಕು. ಆ ಮಾತು ನ್ಯಾಯವೇ. ಹಾಗಾಗಿ ಬೆಳೆಯುವುದಾದರೆ ಈ ವರ್ಷವೇ. ಆದರೆ ಹುಡುಗಿಯನ್ನು ತೇಲಿಸುವ ಬುರುಡೆ ಈ ಮೈಯನ್ನು ತೇಲಿಸುತ್ತದೆಯೇ? ಒಂದು ಬಳ್ಳಿಗೆ ಒಂದೇ ಕಾಯಿ ಉಳಿಸಬೇಕು, ಅದನ್ನು ಆನೆಯ ತಲೆಯ ಹಾಗೆ ಬೆಳೆಸಬೇಕು ಎಂದು ಅವಳು ಈಜುಕೊಳದಿಂದ ಮನೆಗೆ ಬರುವ ದಾರಿಯಲ್ಲೇ ಲೆಕ್ಕ ಹಾಕಿದಳು.

ಆಸ್ಪತ್ರೆಯವರು ಗುಜರಿಗೆ ಹಾಕಿದ ಮಂಚಗಳ ಕಬ್ಬಿಣದ ಚೌಕಟ್ಟು ತಂದು ಚಪ್ಪರ ನಿಲ್ಲಿಸಿದಳು. ಸೊಸೆ ಒಬ್ಬಳಿಗೇ ವಿಷಯ ಹೇಳಿದ್ದಳು. ಸೊಸೆ ಒಂದು ಕ್ಷಣ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದ್ರೆ ಕಾಯಿ ದೊಡ್ಡದೇ ಬೇಕು ಬಿಡಿ" ಎಂದು ನಕ್ಕಳು. ಆಮೇಲೆ, "ಸಂಜೆ ಅಡುಗೆ ಮನೆ ನಾನು ನೋಡ್ಕೊತೀನಿ. ನೀವು ಹೂ ನೋಡ್ಕೊಳ್ಳಿ" ಎಂದಳು. ಹೊರಗೆ ದುಡಿದು ಬಂದವಳಿಗೆ ಇನ್ನೊಂದು ಹೊರೆ ಎಂದು ಇಸ್ತ್ರಿಯಕ್ಕನಿಗೆ ಮುಜುಗರವಾಯಿತು. ಬದಲಿಗೆ ಬೆಳಗಿನ ಅಡುಗೆ ಪೂರ್ತಿ ತನ್ನದೆಂದಳು. ಅತ್ತೆ ಸೊಸೆಯರ ನಡುವಿನ ಈ ಒಪ್ಪಂದ ಮನೆಯ ಗಂಡಸರ ಕಿವಿಗೆ ಬೀಳಲೇ ಇಲ್ಲ. ಹೊತ್ತುಹೊತ್ತಿಗೆ ತಟ್ಟೆ ತುಂಬುತ್ತಿದ್ದ ಮನೆಯಲ್ಲಿ ಯಾರು ತುಂಬಿದರು ಎಂದು ಕೇಳುವ ರೂಢಿಯೇ ಇರಲಿಲ್ಲ.

ಕಾಯಿ ನಿಂತಿತು. ಉಳಿದ ಹೀಚುಗಳನ್ನೆಲ್ಲ ಅವಳು ಮನಸ್ಸು ಕಲ್ಲು ಮಾಡಿಕೊಂಡು ಚಿವುಟಿದಳು. ನಡುವಿಗೆ ಪಟ್ಟಿ ಕಟ್ಟಿದಳು. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಕೊಳೆತ ಎಲೆಯ ಗೊಬ್ಬರ ಎಲ್ಲ ಅದರ ಬುಡಕ್ಕೇ ಹೋದವು. ಕಾಯಿ ಮೊದಲು ಮೊಮ್ಮಗಳ ತಲೆಯಷ್ಟಾಯಿತು, ಆಮೇಲೆ ಗಂಡನ ಹೊಟ್ಟೆಯಷ್ಟಾಯಿತು, ಅದನ್ನೂ ಮೀರಿತು. ತೊಟ್ಟು ಕಳಚದಿರಲೆಂದು ಆಸ್ಪತ್ರೆಯ ಹಳೆಯ ಹಾಸಿಗೆ ಬಟ್ಟೆಯಿಂದ ಜೋಲಿ ಕಟ್ಟಿದಳು. ಅದರ ಅಂಚಿನ ಮುದ್ರೆ ಅವಳ ಕೈಯಲ್ಲೇ ತೊಳೆದು ತೊಳೆದು ಮಾಸಿಹೋಗಿತ್ತು.

ಕಾಯಿ ತನ್ನ ಹೊಟ್ಟೆಯನ್ನು ಮೀರಿದ ಮೇಲೆ ಗಂಡನ ಕಣ್ಣು ಅದರ ಮೇಲೆ ಬಿತ್ತು. ಅವರು ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತರಾದರೂ ಊರಿಗೆ ಅವರು ಕಂಡಕ್ಟರೇ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಅವರಿಗೆ ಹಿತ್ತಲೇ ಗೊತ್ತಿರಲಿಲ್ಲ. ಈಗ ಬೆಳಿಗ್ಗೆ ಎದ್ದವರೇ ಟೇಪು ಹಿಡಿದು ಅಲ್ಲಿಗೆ ಹೋಗತೊಡಗಿದರು. ಬೀದಿಯವರನ್ನೆಲ್ಲ ಕರೆದು ತೋರಿಸಿದರು. "ಬನ್ನಿ ಬನ್ನಿ, ಒಳಗೆ ಜಾಗ ಇದೆ, ಮುಂದೆ ಹೋಗಿ, ಕಾಯಿ ಮುಟ್ಟಬೇಡಿ" ಎನ್ನುತ್ತಿದ್ದರು. ಮೊದಲ ವಾರ ಅದು 'ನಮ್ಮನೆಯವಳು ಬೆಳೆದ ಕಾಯಿ' ಆಗಿತ್ತು. ಆಮೇಲೆ 'ನಮ್ಮ ಕಾಯಿ' ಆಯಿತು. ಔಷಧಿ ಅಂಗಡಿಯವರು ನೋಡಲು ಬಂದ ದಿನ 'ನನ್ನ ಕಾಯಿ' ಆಗಿಬಿಟ್ಟಿತ್ತು.

ಔಷಧಿ ಅಂಗಡಿಯವರು ತೋಟಗಾರರ ಸಂಘದ ಕಾರ್ಯದರ್ಶಿ. ಕನ್ನಡಕ ಏರಿಸಿ ಕಾಯಿಯನ್ನು ಸುತ್ತುಹೊಡೆದು, "ಕಂಡಕ್ಟ್ರೇ, ಈ ಸಲದ ಪ್ರದರ್ಶನದಲ್ಲಿ ಮೊದಲ ಬಹುಮಾನ ನಿಮ್ದೇ. ಹೇಗೆ ಬೆಳೆಸಿದ್ರಿ?" ಎಂದರು.

"ಶಿಸ್ತು ಸಾರ್, ಶಿಸ್ತು" ಎಂದರು ಗಂಡ.

ಚಹಾ ತಂದುಕೊಟ್ಟ ಇಸ್ತ್ರಿಯಕ್ಕ ಖಾಲಿ ತಟ್ಟೆ ಹಿಡಿದು ಅಲ್ಲೇ ನಿಂತಳು. "ಕೊಯ್ದು ತರಬೇಕಾ?" ಎಂದು ಕೇಳಿದಳು.

"ಕೊಯ್ದೇ ತರಬೇಕಮ್ಮ. ತಕ್ಕಡಿ ಅಲ್ಲಿರತ್ತೆ. ಈಗ ಹಸಿ ಇದೆ, ಒಳ್ಳೆ ತೂಕ ಬರತ್ತೆ. ಒಣಗೋಕೆ ಬಿಟ್ರೆ ಏನೂ ತೂಗಲ್ಲ."

ಏನೂ ತೂಗಬಾರದು ಎನ್ನುವುದೇ ಅವಳ ಆಸೆಯಾಗಿತ್ತು. ಅವರು ಹೋದ ಮೇಲೆ ಗಂಡನಿಗೆ ನೇರವಾಗಿ ಹೇಳಿದಳು: ಇದು ಬಹುಮಾನಕ್ಕೆ ಬೆಳೆದದ್ದಲ್ಲ. ಒಣಗಬೇಕು. ಬೆನ್ನಿಗೆ ಕಟ್ಟಿಕೊಂಡು ನಾನು ನೀರಿಗಿಳಿಯಬೇಕು.

ಗಂಡ ಮೊದಲು ನಕ್ಕರು. ಅವಳು ನಗದಿದ್ದುದನ್ನು ನೋಡಿ ನಗು ನಿಲ್ಲಿಸಿದರು. "ಬಚ್ಚಲುಮನೇಲಿ ಜಾರಿ ಬೀಳೋ ವಯಸ್ಸು ಕಣೇ ಇದು."

"ಜಾರಿ ಬಿದ್ರೂ ಈಜು ಬರಬೇಕಲ್ಲ."

"ಮಾತು ಕೊಟ್ಟಾಗಿದೆ. ಟೆಂಪೋ ಕಳಿಸ್ತಾರೆ."

"ಮಾತು ತಾನೇ ಕೊಟ್ಟಿರೋದು? ಟೆಂಪೋದಲ್ಲಿ ಅದನ್ನೇ ಹಾಕಿ ಕಳಿಸಿ."

"ಊರಿಗೆಲ್ಲ ಹೇಳಿದೀನಿ. ನನ್ನ ಮುಖ ಎಲ್ಲಿಡ್ಲಿ?"

"ಮುಖ ಇದ್ದಲ್ಲೇ ಇರ್ಲಿ. ಕಾಯೂ ಇದ್ದಲ್ಲೇ ಇರ್ಲಿ."

ಅವತ್ತಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಗಂಡ ಊಟಕ್ಕೆ ಕೂತಾಗ ಮೊಮ್ಮಗಳಿಗೆ ಹೇಳುವಂತೆ ಗೋಡೆಗೆ ಹೇಳುತ್ತಿದ್ದರು: "ಜನ್ಮದಲ್ಲೇ ಒಂದು ಬಹುಮಾನ ಕಂಡಿಲ್ಲ ಪುಟ್ಟಿ ನಾನು. ಎಷ್ಟು ಲಕ್ಷ ಜನರನ್ನ ಅವರವರ ಊರಿಗೆ ಮುಟ್ಟಿಸಿದೆ, ಒಬ್ಬನಾದ್ರೂ ಇಳಿಯೋವಾಗ ಹಿಂತಿರುಗಿ ನೋಡಿದ್ನಾ?" ಅದು ಸುಳ್ಳಲ್ಲ ಎಂದು ಇಸ್ತ್ರಿಯಕ್ಕನಿಗೆ ಗೊತ್ತಿತ್ತು. ಅವಳ ಮನಸ್ಸು ಸ್ವಲ್ಪ ಕರಗಿತು ಕೂಡ. ಹೀಗೆ ಕರಗಿ ಕರಗಿಯೇ ಎಲ್ಲ ಬುರುಡೆಗಳೂ ಹೋದವಲ್ಲ ಎಂದು ನೆನಪಾಗಿ ಮತ್ತೆ ಗಟ್ಟಿಯಾಯಿತು.

ಪ್ರದರ್ಶನದ ದಿನ ಬೆಳಿಗ್ಗೆ ಅವಳು ಮೊಮ್ಮಗಳನ್ನು ಈಜುಕೊಳಕ್ಕೆ ಬಿಟ್ಟು ಬರುವಷ್ಟರಲ್ಲಿ ಬಾಗಿಲ ಮುಂದೆ ಟೆಂಪೋ ನಿಂತಿತ್ತು. ಡ್ರೈವರ್ ಹಾರ್ನ್ ಬಾರಿಸುತ್ತಿದ್ದ. ಸಂದಿಯಲ್ಲಿ ನುಗ್ಗಿ ಹಿತ್ತಲಿಗೆ ಓಡಿದಳು. ಚಪ್ಪರದ ಕೆಳಗೆ ಸ್ಟೂಲು ಇಟ್ಟಿತ್ತು. ಜೋಲಿಯ ಒಂದು ಗಂಟು ಬಿಚ್ಚಿತ್ತು. ಕಾಯಿ ಮಾತ್ರ ಇದ್ದಲ್ಲೇ ಇತ್ತು. ಬಿಸಿಲಿಗೆ ಹೊಳೆಯುತ್ತ, ಏನೂ ಅರಿಯದ ಹಸುಗೂಸಿನಂತೆ.

ಅಡುಗೆ ಮನೆಯಿಂದ ಮುಚ್ಚಳಗಳ ಸದ್ದು ಬರುತ್ತಿತ್ತು.

ಒಳಗೆ ಹೋದರೆ, ಇದ್ದಬದ್ದ ಡಬ್ಬಗಳೆಲ್ಲ ಬಾಯಿ ತೆರೆದು ಕೂತಿದ್ದವು. ಕಪಾಟಿನ ಬಾಗಿಲು, ಗೂಡಿನ ಬಾಗಿಲು, ಎಲ್ಲ ಹಾರುಹೊಡೆದಿದ್ದವು. ಗಂಡ ಬೆವರುತ್ತಾ ಚಮಚಗಳ ಡಬ್ಬವನ್ನು ಬುಡಮೇಲು ಮಾಡಿದ್ದರು. ಹೆಜ್ಜೆಯ ಸದ್ದು ಕೇಳಿ, ತಿರುಗದೆಯೇ, ಇಷ್ಟು ವರ್ಷದ ರೂಢಿಯ ದನಿಯಲ್ಲಿ ಕೇಳಿದರು:

"ಇವಳೇ, ಹರಿತದ ಚಾಕು ಎಲ್ಲಿಟ್ಟಿದೀಯ?"

ಕೇಳಿದ ಮೇಲೆ ಯಾರನ್ನು ಕೇಳಿದೆನೆಂದು ಅವರಿಗೆ ಹೊಳೆಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಹೆಗಲು ಮುಟ್ಟಲಿಲ್ಲ, ಗಾಬರಿಯಲ್ಲಿ ಗರಕ್ಕನೆ ತಿರುಗಿದರು. ಮೊಣಕೈ ಗೂಡಿನಲ್ಲಿದ್ದ ಉಪ್ಪಿನ ಬುರುಡೆಗೆ ತಗಲಿತು. ಅದು ಉರುಳಿತು, ಅಂಚಿನಲ್ಲಿ ಒಂದು ಗಳಿಗೆ ತೂಗಾಡಿತು, ಕೆಳಗೆ ಬಿತ್ತು. ಒಣಗಿದ ಟೊಂಗೆ ಮುರಿದಂಥ ಸಣ್ಣ ಸದ್ದು. ಕಪ್ಪು ನೆಲದ ತುಂಬ ಉಪ್ಪು.

ಇಸ್ತ್ರಿಯಕ್ಕನ ಮೈ ತಾನಾಗಿಯೇ ಬಾಗಿತು. ಚೆಲ್ಲಿದ್ದನ್ನು ಬಳಿಯುವ ಮೈ ಅದು. ಅರ್ಧಕ್ಕೆ ಬಾಗಿದವಳು ನಿಂತಳು, ನೆಟ್ಟಗಾದಳು. ಬಾಗಿಲ ಹಿಂದಿನ ಮೊಳೆಯಿಂದ ಚಾಕು ತೆಗೆದುಕೊಂಡು, ಮಣೆ ಎಳೆದು, ಮಧ್ಯಾಹ್ನದ ತರಕಾರಿ ಹೆಚ್ಚತೊಡಗಿದಳು.

"ಅಲ್ಲೇ ಇತ್ತಾ?" ಎಂದರು ಗಂಡ, ಸಣ್ಣ ದನಿಯಲ್ಲಿ.

"ನಾನು ಈ ಮನೆಗೆ ಬಂದಾಗಿಂದ ಅಲ್ಲೇ ಇದೆ."

ಹೊರಗೆ ಹಾರ್ನ್. ಗಂಡ ಚಾಕುವನ್ನೇ ನೋಡಿದರು.

"ಚಾಕು ಖಾಲಿ ಇಲ್ಲ" ಎಂದಳು ಅವಳು. "ಮುಂದಿನ ಬಸ್ಸಿಗೆ ಬನ್ನಿ."

ಅವರು ಮೆಲ್ಲಗೆ ನೆಲದ ಮೇಲೆ ಕೂತರು. ಬುರುಡೆಯ ಎರಡು ಹೋಳುಗಳನ್ನು ಜೋಡಿಸಿ ನೋಡಿದರು. ಉಪ್ಪನ್ನು ಬೊಗಸೆಯಲ್ಲಿ ತುಂಬಿದರು. ತುಂಬಿದಷ್ಟೂ ಬೆರಳ ಸಂದಿಯಿಂದ ಸೋರುತ್ತಿತ್ತು.

"ಹಳೇದಲ್ವಾ ಇದು? ಯಾವಾಗಿಂದು?"

ಅವಳು ಹೆಚ್ಚುತ್ತಲೇ ಹೇಳಿದಳು. ಮಾಡಿನ ಮೇಲಿನ ಬಳ್ಳಿ, ಅಣ್ಣ, ತಮ್ಮಂದಿರು, ಅಟ್ಟದ ಮೇಲಿಟ್ಟ ಕಾಯಿ, ಅಮ್ಮನ ಬೆನ್ನು. ದನಿ ಏರಲಿಲ್ಲ. ಮುಗಿಯುವಷ್ಟರಲ್ಲಿ ಎರಡು ದಿನಕ್ಕಾಗುವಷ್ಟು ತರಕಾರಿ ಹೆಚ್ಚಾಗಿತ್ತು.

"ಇದನ್ನ ಮೊದಲೇ ಹೇಳ್ಬಾರದಾಗಿತ್ತಾ?"

"ಇಷ್ಟು ವರ್ಷ ಇದರ ಉಪ್ಪು ತಿಂದ್ರಿ. ಉಪ್ಪು ಎಲ್ಲಿಂದ ಬರತ್ತೆ ಅಂತ ಒಂದಿನ ಆದ್ರೂ ಕೇಳಿದ್ರಾ?"

"ಅಂಗಡಿಯಿಂದ ಅಂದ್ಕೊಂಡಿದ್ದೆ" ಎಂದರು ಅವರು, ತೀರಾ ಪ್ರಾಮಾಣಿಕವಾಗಿ.

ಅವಳಿಗೆ ಅಳು ಬರಬೇಕಾಗಿತ್ತು, ನಗು ಬಂತು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುವ ಗಾದೆ ನೆನಪಾಗಿ ಒಂದು ಲೋಟ ನೀರು ಕೊಟ್ಟಳು. ಅವರು ಕುಡಿದು, ಕೈಯ ಉಪ್ಪನ್ನು ಪ್ಯಾಂಟಿಗೆ ಒರೆಸಿಕೊಂಡು, ಬೀದಿ ಬಾಗಿಲಿಗೆ ಹೋದರು. ಅವಳು ಚಾಕು ಹಿಡಿದ ಕೈಯನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ಏನ್ ಕಂಡಕ್ಟ್ರೇ, ಎಷ್ಟೊತ್ತು? ಕಾಯಿ ಎಲ್ಲಿ?"

"ಅದು ಇನ್ನೂ ಬಲೀಬೇಕಪ್ಪ. ನೀನು ಹೊರಡು. ಮುಂದಿನ ವರ್ಷ ಅಂತ ಹೇಳು ಅವರಿಗೆ."

ಮುಂದಿನ ವರ್ಷ. ಆ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳು! ಬೇರೆ ಯಾರಿಗೋ ಅದನ್ನು ಹೇಳಿದ್ದು ಇದೇ ಮೊದಲು. ಟೆಂಪೋ ಗುರ್ರೆಂದು ಹೋಯಿತು. ಗಂಡ ಒಳಗೆ ಬಂದು ಪೊರಕೆ ಎಲ್ಲಿದೆ ಎಂದು ಕೇಳಲು ಬಾಯಿ ತೆರೆದವರು, ಮುಚ್ಚಿಕೊಂಡು ತಾವೇ ಹುಡುಕತೊಡಗಿದರು. ಅದೇನೋ ಸಿಕ್ಕಿತು. ಗುಡಿಸಿದ್ದು ಮಾತ್ರ ಅಷ್ಟಕ್ಕಷ್ಟೇ; ವಾರದವರೆಗೆ ಕಾಲಿಗೆ ಉಪ್ಪು ಸಿಗುತ್ತಿತ್ತು.

ಚಳಿ ಬಂದಂತೆ ಬಳ್ಳಿ ಒಣಗಿತು. ಎಲೆಗಳು ಉದುರಿ, ಆಸ್ಪತ್ರೆ ಮಂಚದ ಕಬ್ಬಿಣದ ನಡುವೆ ಕಾಯಿ ಒಂದೇ ನೇತಾಡಿತು. ಹಸಿರು ಹೋಗಿ ಬೂದಿಯ ಬಣ್ಣ ಬಂತು, ಮೈಮೇಲೆ ಬೂಷ್ಟು ಹಿಡಿಯಿತು. ಅವಳು ಚಮಚದ ಹಿಂಬದಿಯಿಂದ ಕೆರೆದಳು. ಬೀದಿಯವರು, "ಏನ್ ಇಸ್ತ್ರಿಯಕ್ಕ, ಬಹುಮಾನ ಬಿಟ್ಟು ಬೂಷ್ಟು ಇಟ್ಕೊಂಡ್ರಾ?" ಎಂದು ಚುಡಾಯಿಸಿದರು. ಔಷಧಿ ಅಂಗಡಿಯವರು ಬೀಜವನ್ನಾದರೂ ಕೊಡಿ ಎಂದು ಹೇಳಿಕಳಿಸಿದರು.

"ಬೀಜ ಬೇಕಂದ್ರೆ ಬುರುಡೆ ಒಡೀಬೇಕು" ಎಂದಳು ಅವಳು. "ಒಡೆಯಲ್ಲ. ಇದೊಂದರಿಂದ ಯಾರಿಗೂ ಏನೂ ಕೊಡಲ್ಲ."

ಇಷ್ಟು ಕಡ್ಡಿ ಮುರಿದಂತೆ ಅವಳು ಮಾತಾಡಿದ್ದನ್ನು ಸೊಸೆ ಕೇಳಿದ್ದು ಅದೇ ಮೊದಲು. ಬೇಸಿಗೆಯ ಹೊತ್ತಿಗೆ ಕಾಯಿ ಮರದ ಹಾಗೆ ಗಟ್ಟಿಯಾಗಿ, ಕಾಗದದ ಹಾಗೆ ಹಗುರವಾಯಿತು. ಇಸ್ತ್ರಿಯಕ್ಕ ಬೆರಳ ಗೆಣ್ಣಿನಿಂದ ಬಡಿದು ಕಿವಿಯಿಟ್ಟಳು. ಅಮ್ಮ ಹೀಗೇ ಕಿವಿಯಿಡುತ್ತಿದ್ದಳು. ಅಲ್ಲಾಡಿಸಿದಾಗ ಒಳಗೆ ಬೀಜ ಗಲಗಲ ಎಂದಿತು.

ಈಜುಕೊಳದವರು ಬುರುಡೆಯನ್ನು ಒಳಗೆ ಬಿಡುವುದಿಲ್ಲವೆಂದರು. ಹಾಗಾಗಿ ಒಂದು ರಜೆಯ ದಿನ ಬೆಳಿಗ್ಗೆ ನಾಲ್ವರೂ ಊರಾಚೆಯ ಕೆರೆಗೆ ಹೋದರು. ಅವಳು ಹುಟ್ಟಿದ ಮನೆಯ ಕೆರೆಯಲ್ಲ ಅದು. ಆದರೆ ದಡದಲ್ಲಿ ಒಗೆಯುವ ಕಲ್ಲುಗಳು ಇಲ್ಲೂ ಇದ್ದವು. ಸೊಸೆಯ ಹಳೆಯ ಪ್ಯಾಂಟಿನ ಮೇಲೆ ಗಂಡನ ಹಳೆಯ ಖಾಕಿ ಅಂಗಿ ತೊಟ್ಟು ಅವಳು ಕಲ್ಲಿನ ಮೇಲೆ ನಿಂತಳು. ಗಂಟು ಅವಳಿಗೆ ಗೊತ್ತಿತ್ತು. ಆದರೆ ಬೆನ್ನಿನ ಗಂಟನ್ನು ಯಾರೂ ತಾವೇ ಹಾಕಿಕೊಳ್ಳಲಾರರು. ಮೊದಲು ಸೊಸೆಯ ಬೆನ್ನಿಗೆ ಕಟ್ಟಿ ತೋರಿಸಿದಳು, ಬಿಚ್ಚಿದಳು. ಸೊಸೆ ಅವಳ ಬೆನ್ನಿಗೆ ಕಟ್ಟಿದಳು.

"ಬಿಗಿಯಾಯ್ತಾ?"

"ಎಳೆದು ನೋಡು. ಆಮೇಲೆ ಒಂದು ಗುದ್ದು ಕೊಡ್ಬೇಕು."

"ಅತ್ತೆಗೆ ಗುದ್ದೋ ಭಾಗ್ಯ ಎಷ್ಟು ಜನ ಸೊಸೆಯರಿಗೆ ಸಿಗತ್ತೆ!" ಎಂದು ಸೊಸೆ ಗುದ್ದಿದಳು.

ಮೊಮ್ಮಗಳು ಆಗಲೇ ನೀರಿನಲ್ಲಿದ್ದಳು, ತೋಳಿನ ಪಟ್ಟಿಯಿಲ್ಲದೆ. "ಬಾ ಅಜ್ಜಿ, ಉಸಿರು ಹಿಡಿ, ಕಾಲು ಬಡಿ, ಹೆದರ್ಬೇಡ!" ಗಂಡ ದಡದ ಮೇಲೆ ಎಲ್ಲರ ಒಣಬಟ್ಟೆ, ಟವೆಲ್, ಚಪ್ಪಲಿಗಳನ್ನು ಕಾಯುತ್ತ ಕೂತಿದ್ದರು. ಅವರಿಗೂ ಈಜು ಬರುವುದಿಲ್ಲ ಎಂಬುದು ಅವತ್ತು ಹೊರಬಿತ್ತು.

ನೀರು ಮೊಣಕಾಲಿಗೆ ಬಂತು. ಅಲ್ಲಿಯವರೆಗೆ ಹಳೆಯ ಪರಿಚಯ. ಸೊಂಟಕ್ಕೆ ಬಂದಾಗ ತಣ್ಣಗೆ ಹೊಟ್ಟೆಯೊಳಗೆ ಯಾರೋ ಕೈ ಹಾಕಿದಂತಾಯಿತು. ಎದೆಗೆ ಬಂದಾಗ ಖಾಕಿ ಅಂಗಿ ಗಾಳಿ ತುಂಬಿ ಸುತ್ತ ಉಬ್ಬಿತು. ಇನ್ನೊಂದು ಹೆಜ್ಜೆ ಇಟ್ಟಳು, ಇಡಲು ನೆಲವಿರಲಿಲ್ಲ.

"ಹೋಲ್ಡಾನ್! ಹೋಲ್ಡಾನ್!" ಗಂಡ ಎದ್ದುನಿಂತು ಬಸ್ಸು ನಿಲ್ಲಿಸುವ ದನಿಯಲ್ಲೇ ಕೂಗಿದರು. ಚಪ್ಪಲಿಗಳು ಉರುಳಿಹೋದವು.

ಬುರುಡೆ ಬೆನ್ನನ್ನು ಮೇಲಕ್ಕೆತ್ತಿತು. ಎಂದೂ ಯಾರೂ ಅವಳನ್ನು ಹಾಗೆ ಎತ್ತಿಕೊಂಡಿರಲಿಲ್ಲ. ಎತ್ತಿಕೊಂಡಿದ್ದರೂ ಅದು ನೆನಪಿನಾಚೆಯ ವಯಸ್ಸಿನಲ್ಲಿ, ಅಮ್ಮ ಇರಬಹುದು. ಬಾಯಿಗೆ ನೀರು ನುಗ್ಗಿತು, ಕೆಮ್ಮು ಬಂತು. ಕಾಲು ಬಡಿದಳು. ಬೆನ್ನ ಮೇಲೆ ಬೀಜ ಗಲಗಲ ಎಂದಿತು. ಮತ್ತೆ ಬಡಿದಳು. ದೂರದಿಂದ ಎಷ್ಟೋ ಸಲ ಕೇಳಿದ ಸದ್ದು ಇಷ್ಟು ಹತ್ತಿರದಲ್ಲಿ, ಕಿವಿಯ ಹಿಂದೆಯೇ ಎದ್ದು, ಅವಳ ಜೊತೆಗೇ ಬರುತ್ತಿತ್ತು. ಹಿಂದೆ ಒಗೆಯುವ ಕಲ್ಲುಗಳು ಸಣ್ಣಗಾಗುತ್ತಿದ್ದವು. ಮುಂದೆ ಆಚೆದಡವಿತ್ತು, ಅಲ್ಲಿಯವರೆಗೆ ಹೋಗುವ ಮಾತಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಮಾಡಿನ ಮೇಲಿನಿಂದ ನೋಡಿದಾಗ ಕಾಣುತ್ತಿದ್ದಷ್ಟೇ ಚೆಂದವಾಗಿ ಅದು ಇನ್ನೂ ಕಾಣುತ್ತಿತ್ತು.

"ಇವಳೇ, ಸಾಕು! ವಾಪಸ್ ಬಾ! ಹೋಲ್ಡಾನ್ ಅಂದ್ರೆ ಕೇಳಿಸಲ್ವಾ?"

ಇಸ್ತ್ರಿಯಕ್ಕ ಬಾಯಲ್ಲಿದ್ದ ಕೆರೆಯ ನೀರನ್ನು ಉಗಿದು, ಇಷ್ಟು ವರ್ಷ ಅವರ ಬಾಯಲ್ಲಿ ಕೇಳಿದ ಇನ್ನೊಂದು ಮಾತನ್ನು ಕೂಗಿ ಹೇಳಿದಳು:

"ರೈಟ್! ರೈಟ್ ಹೋಗ್ಲಿ!"